ಗೌತಮಿ ಮಿರಗ ದಾಟಿದ ವರ್ಷ

ಮೊದಲ ಮಳೆಗೆ ಮಣ್ಣಿನ ವಾಸನೆ ಎದ್ದರೆ ಜನ ಮೂಗು ಅರಳಿಸಿ ನಿಲ್ಲುತ್ತಾರೆ. ನಾನು ಸೆರಗು ಅಡ್ಡ ಹಿಡಿಯುತ್ತೇನೆ. ಮೊನ್ನೆ ಕಣ್ಣು ತೋರಿಸಲು ರಾಯಚೂರಿಗೆ ಹೋಗಿದ್ದೆ. ಗಂಜ್ ಮಾರುಕಟ್ಟೆಯ ಹತ್ತಿರ ಆಟೋ ಇಳಿಯುವಷ್ಟರಲ್ಲಿ ನಾಲ್ಕು ದಪ್ಪ ಹನಿ ಬಿದ್ದವು. ರಸ್ತೆಯ ಧೂಳು, ಹತ್ತಿಕಾಳು, ಅಕ್ಕಿ ಮಿಲ್ಲಿನ ತೌಡು, ಎಲ್ಲ ಸೇರಿ ಒಂದು ಬಿಸಿ ವಾಸನೆ ಎದ್ದಿತು. ಪಕ್ಕದಲ್ಲಿ ನಿಂತ ಹೆಂಗಸು ಎಷ್ಟು ಚಂದ ವಾಸನೆ ಎಂದಳು. ನಾನು ಸೆರಗಿನಿಂದ ಮೂಗು ಬಿಗಿ ಮುಚ್ಚಿದೆ. ಹುಟ್ಟಿದಾಗಿನಿಂದ ನನಗೆ ಹೀಗೆಯೇ. ಸೆರಗಿನೊಳಗೇ ನಗುವೂ ಬಂತು. ಗೌತಮಿ ಮಿರಗ ದಾಟಿದ ವರ್ಷ ಕಣ್ಣ ಮುಂದೆ ಬಂದು ನಿಂತಿತು. ನಮ್ಮ ಕಡೆ ಮೃಗಶಿರಾ ಮಳೆಗೆ ಮಿರಗ ಎನ್ನುತ್ತಾರೆ.

ಗೌತಮಿ ನನ್ನ ಮೊಮ್ಮಗಳು. ಆಗ ಅವಳಿಗೆ ಹದಿನಾರು. ನನ್ನ ಮಗ ಮೌನೇಶ ಮಾನ್ವಿಯಲ್ಲಿ ಹೈಸ್ಕೂಲ್ ಮಾಸ್ತರ, ಸೊಸೆ ಸುಜಾತ ಅಲ್ಲೇ ಆಸ್ಪತ್ರೆಯಲ್ಲಿ ನರ್ಸು. ನಾನು ದೇವದುರ್ಗದ ಕಡೆ ಅರಕೇರಾದವಳು, ಕೂಲಿ ಮಾಡಿ ಮಗನನ್ನು ಓದಿಸಿದವಳು. ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ, ಅದೂ ಅರ್ಧಂಬರ್ಧ. ಗೌತಮಿಗೆ ಆಟಿಸಂ ಎಂದು ರಾಯಚೂರಿನ ಡಾಕ್ಟರಮ್ಮ ಅವಳು ಸಣ್ಣವಳಿದ್ದಾಗಲೇ ಹೇಳಿದ್ದರು. ಮಾತು ಕಡಿಮೆ. ಆಡಿದರೆ ಹುಕುಂ ಕೊಟ್ಟ ಹಾಗೆ ಒಂದೊಂದೇ ಶಬ್ದ. ಅದು ನಮಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಒಂದೇ. ಕಾಲ ತಿರುಗಿದಾಗ ಅವಳೂ ತಿರುಗುತ್ತಿದ್ದಳು.

ಚಳಿಗಾಲದಲ್ಲಿ ಅವಳದು ಕುದುರೆಯ ಜೀವ. ನಾವು ಕೌದಿಯೊಳಗೆ ಮುದುಡಿಕೊಂಡಿದ್ದಾಗ ಎದ್ದು ಮಾಳಿಗೆ ಗುಡಿಸಿ, ಒಣಗಿದ ಬಟ್ಟೆ ಮಡಿಚಿ, ಸಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಮಾಸ್ತರರೆಲ್ಲ ಹುಡುಗಿ ಬಹಳ ಸುಧಾರಿಸಿದ್ದಾಳೆ ಎನ್ನುತ್ತಿದ್ದರು. ಬೇಸಿಗೆ ಏರಿದ ಹಾಗೆ ಅವಳು ಇಳಿಯುತ್ತಿದ್ದಳು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಕಲ್ಲೂ ಬೆವರುತ್ತದೆ. ಹಗಲೆಲ್ಲ ಪಡಸಾಲೆಯ ನೆಲದ ಬಂಡೆಗೆ ಕೆನ್ನೆ ಹಚ್ಚಿ ಬಿದ್ದಿರುತ್ತಿದ್ದಳು. ಬಂದವರು ಮೈಗಳ್ಳಿ ಎನ್ನುತ್ತಿದ್ದರು. ಎನ್ನಲಿ. ಬಿದ್ದಿದ್ದರೂ ಉಣ್ಣುತ್ತಿದ್ದಳು, ಸಂಜೆಗೆ ಎದ್ದು ಮಾಳಿಗೆ ಹತ್ತುತ್ತಿದ್ದಳು.

ಅವಳು ಕೆಡುತ್ತಿದ್ದದ್ದು ಬೇಸಿಗೆಗೂ ಮಳೆಗಾಲಕ್ಕೂ ನಡುವಿನ ಸಂದಿನಲ್ಲಿ. ಮೋಡ ಕಟ್ಟುವುದು, ಮಳೆ ಬಾರದಿರುವುದು, ಗಾಳಿ ನಿಲ್ಲುವುದು, ಒಮ್ಮೆಲೇ ಗುಡುಗುವುದು. ಮಿರಗ ಕೂಡಿತೆಂದರೆ ಊಟ ಬಿಡುತ್ತಿದ್ದಳು, ನಿದ್ದೆ ಬಿಡುತ್ತಿದ್ದಳು, ಗೋಡೆಗೆ ತಲೆ ಹೊಡೆದುಕೊಂಡು ಮೊಣಕೈ ಕಚ್ಚಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕಾರಹುಣ್ಣಿಮೆ ಬರುತ್ತಿತ್ತು. ಎದುರು ಮನೆಯ ಕಿರಾಣಿ ಅಂಗಡಿಯ ಶರಣಮ್ಮ ಇದು ಹುಣ್ಣಿಮೆಯ ಕಾಟ ಎಂದು ಇಡೀ ಓಣಿಗೆ ಹೇಳಿಟ್ಟಿದ್ದಳು. ನಮ್ಮ ಗೋಡೆಯ ಮೇಲೆ ಬುದ್ಧನಿದ್ದಾನೆ. ದೇವರು ದಿಂಡರನ್ನು ಬಿಟ್ಟು ವರ್ಷಗಳೇ ಆಗಿದ್ದವು. ಅಮಾವಾಸ್ಯೆ ಹುಣ್ಣಿಮೆಯ ಅಂಜಿಕೆ ಮಾತ್ರ ನಮ್ಮನ್ನು ಬಿಟ್ಟಿರಲಿಲ್ಲ. ಕಾರಹುಣ್ಣಿಮೆ ಹತ್ತಿರ ಬಂದಂತೆ ಗೌತಮಿಯನ್ನು ಒಳಕೋಣೆಗೆ ಸೇರಿಸಿ, ಕಿಟಕಿ ಹಾಕಿ, ಹೊರಗಿನಿಂದ ಚಿಲಕ ಎಳೆಯುತ್ತಿದ್ದೆವು. ಬಿಸಿಲಿಗೆ ಕಾದ ಕೋಣೆ, ಮೇಲೆ ಮುಗಿಲ ಸಪ್ಪಳ. ಕಟ್ಟಿ ಹಾಕಿದ ಎಮ್ಮೆಯೂ ಒದೆಯುತ್ತದೆ. ಅವಳು ಒದೆಯುತ್ತಿದ್ದಳು. ನೋಡಿದಿರಾ ಹುಣ್ಣಿಮೆ ಎಂದು ಶರಣಮ್ಮ ಹೊರಗಿನಿಂದ ಹೇಳುತ್ತಿದ್ದಳು.

ಹಿಂದಿನ ವರ್ಷದ ಮಿರಗದಲ್ಲಿ ಮೌನೇಶನ ಎದೆ ಒಡೆದಿತ್ತು. ಹುಬ್ಬಳ್ಳಿ ಕಡೆ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ವಸತಿ ಶಾಲೆಯೊಂದನ್ನು ಹುಡುಕಿ ಹೆಸರು ಹಚ್ಚಿ ಬಂದಿದ್ದ. ಜಾಗ ಖಾಲಿಯಾದರೆ ಕರೆಯುತ್ತೇವೆ ಎಂದಿದ್ದರಂತೆ. ಚಳಿಗಾಲ ಮುಗಿಯುವ ಹೊತ್ತಿಗೆ ಕರೆ ಬಂತು. ಜೂನ್ ತಿಂಗಳಿಗೆ ಕರೆದುಕೊಂಡು ಬನ್ನಿ ಎಂದರು. ನಾನು ಬೇಡ ಎಂದೆ. ಅವನು ಬೇಕು ಎಂದ. ಸುಜಾತ ಪಾತ್ರೆ ತೊಳೆದಳು. ಕೊನೆಗೆ ಒಂದು ಒಪ್ಪಂದವಾಯಿತು. ಈ ಸಲದ ಮಿರಗ ನೋಡುವುದು. ಹುಡುಗಿ ದಾಟಿದರೆ ಮನೆ, ದಾಟದಿದ್ದರೆ ಹುಬ್ಬಳ್ಳಿ.

ಅದಕ್ಕೂ ಮೊದಲು ಡಾಕ್ಟರಮ್ಮನನ್ನು ಕಂಡು ಬರೋಣ ಎಂದು ಸುಜಾತ ನನ್ನನ್ನೂ ಗೌತಮಿಯನ್ನೂ ಕರೆದುಕೊಂಡು ರಾಯಚೂರಿಗೆ ಹೊರಟಳು. ಹುಣ್ಣಿಮೆಯ ಮಾತು ಕೇಳಿ ಡಾಕ್ಟರಮ್ಮ ನಗಲಿಲ್ಲ. ಇಂಥ ಮಕ್ಕಳಿಗೆ ಬಿಸಿಲು, ಬೆಳಕು, ಸಪ್ಪಳ, ಮೈಗೆ ಅಂಟುವ ಬಟ್ಟೆ ಎಲ್ಲವೂ ನಮಗಿಂತ ಜೋರಾಗಿ ತಟ್ಟುತ್ತವೆ ಎಂದರು. ಎಲ್ಲರಿಗೂ ಒಂದೇ ತರಹ ಅಲ್ಲ, ಒಬ್ಬರಿಗೆ ಚಳಿ ಆಗದು, ಒಬ್ಬರಿಗೆ ಸೆಖೆ ಆಗದು. ಕಾಲ ತಿರುಗುವಾಗ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸೂ ಬೀಳುತ್ತದೆ, ಮೈಯ ಕಸುವೂ ಬೀಳುತ್ತದೆ. ಹವೆಯ ಜೊತೆಗೆ ಮನೆಯ ರೂಢಿಯೂ ಬದಲಾದರೆ ಇನ್ನೂ ಕಷ್ಟ. ಹೀಗೆ ಹೇಳಿ, ಮಳೆ ಶುರುವಾದಾಗ ನಿಮ್ಮ ಮನೆಯಲ್ಲಿ ಏನೇನು ಬದಲಾಗುತ್ತದೆ ಎಂದು ಕೇಳಿದರು. ಸುಜಾತ ವಿಚಾರ ಮಾಡಿ, ಏನೂ ಇಲ್ಲ, ಮಳೆ ಬರುತ್ತದೆ ಅಷ್ಟೇ ಎಂದಳು.

ನನಗೆ ತಡೆಯಲಾಗಲಿಲ್ಲ.

"ಏನೂ ಬದಲಾಗಂಗಿಲ್ಲ ಅಂತಾಳ ನೋಡ್ರಿ ನಮ್ಮ ಸೊಸಿ. ಮಿರಗ ಕೂಡಿದ ದಿನ ನಮ್ಮ ಮನೀನ ತಲಿಕೆಳಗ ಆಗ್ತದ ರೀ."

ಹೇಳುತ್ತಾ ಹೋದಂತೆ ನನಗೇ ಅದು ಕಾಣತೊಡಗಿತು. ನಮ್ಮಲ್ಲಿ ಬೇಸಿಗೆ ಪೂರ್ತಿ ಮಾಳಿಗೆಯ ಮೇಲೆ ಮಲಗುವುದು. ಮಿರಗದ ಮೊದಲ ಮಳೆ ಬಿದ್ದ ದಿನ ಹಾಸಿಗೆ ಸುತ್ತಿಕೊಂಡು ಇಡೀ ಓಣಿ ಕೆಳಗಿಳಿಯುತ್ತದೆ, ಮತ್ತೆ ಹತ್ತುವುದಿಲ್ಲ. ಅದೇ ದಿನ ಅಂಬಲಿ ನಿಲ್ಲುತ್ತದೆ, ಮಳೆಯಲ್ಲಿ ಕುಡಿದರೆ ಶೀತ ಎಂದು. ಅದೇ ದಿನ ಅಂಗಳದ ಹೊರಸು, ಹಗ್ಗದ ಮಂಚ, ಒಳಗೆ ಬರುತ್ತದೆ, ಒಳಗಿನದು ಮೂಲೆ ಸೇರುತ್ತದೆ, ತೆಳ್ಳನೆ ಹೊದಿಕೆ ಹೋಗಿ ಕೌದಿ ಬರುತ್ತದೆ. ಆ ವಾರವೇ ಸಾಲೆ ಶುರು. ಆಸ್ಪತ್ರೆಯಲ್ಲಿ ಜ್ವರದವರು ಹೆಚ್ಚಾಗಿ ಸುಜಾತಳ ಪಾಳಿ ಬದಲು. ಕರೆಂಟು ಹೋಗುತ್ತದೆ, ಫ್ಯಾನು ನಿಲ್ಲುತ್ತದೆ. ಇದೆಲ್ಲದರ ಮೇಲೆ ಅಂಗಳದ ತಗಡಿನ ಶೆಡ್ಡಿಗೆ ಕಲ್ಲು ಸುರಿದಂತೆ ಮಳೆ. ಆಮೇಲೆ ನಾವು ಚಿಲಕ ಎಳೆಯುತ್ತೇವೆ, ಹುಣ್ಣಿಮೆ ಎಂದು.

ಡಾಕ್ಟರಮ್ಮ ಮಳೆ ನಿಲ್ಲಿಸಲು ನನ್ನಿಂದ ಆಗದು, ಉಳಿದದ್ದನ್ನು ನೀವು ಮಳೆಗೆ ಮೊದಲೇ ಒಂದೊಂದಾಗಿ ಮಾಡಬಹುದಲ್ಲ ಎಂದರು. ಹೊರಡುವಾಗ, ನಿಮಗೆ ಇಷ್ಟು ಹೇಗೆ ಗೊತ್ತು ಅಜ್ಜಿ ಎಂದೂ ಕೇಳಿದರು. ಗೊತ್ತಿರದೆ ಏನು. ಅರಕೇರಾದಲ್ಲಿ ನಾನು ಹುಡುಗಿಯಿದ್ದಾಗ ಗಾಳಿ ತಿರುಗಿದರೆ ನನ್ನ ಬಾಯಿ ಕಟ್ಟುತ್ತಿತ್ತು. ಜೊತೆಯವರು ಮೂಗಿ ಎಂದು ಕರೆಯುತ್ತಿದ್ದರು. ಮಾನ್ವಿಯ ಕಡೆ ನೆಲ್ಲು ನಾಟಿಗೆ ಗುಂಪು ಕಟ್ಟಿಕೊಂಡು ಬರುವ ಕಾಲಕ್ಕೆ, ಬಾಗಲವಾಡದ ಗದ್ದೆಯಲ್ಲಿ ನನಗೆ ಒಂದು ಆಸರೆ ಸಿಕ್ಕಿತ್ತು. ಗೋಣಿಚೀಲದ ಕೊಪ್ಪೆ. ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿದರೆ ಟೊಪ್ಪಿಗೆಯಾಗುತ್ತದೆ, ತಲೆಗೆ ಹಾಕಿದರೆ ಬೆನ್ನು ಮುಚ್ಚಿ ಮೊಣಕಾಲಿನ ತನಕ ಇಳಿಯುತ್ತದೆ. ಬೇರೆಯವರು ಅದನ್ನು ಮಳೆಗೆ ಹಾಕುತ್ತಿದ್ದರು. ನಾನು ಮಳೆ ನಿಂತರೂ ತೆಗೆಯುತ್ತಿರಲಿಲ್ಲ. ಅದರೊಳಗೆ ಕತ್ತಲು, ಭಾರ, ಒಂದೇ ವಾಸನೆ. ಹೊರಗಿನ ಸಪ್ಪಳ ದೂರದ ಊರಿನದು. ಇದಕ್ಕೆ ಡಾಕ್ಟರಮ್ಮ ಏನು ಹೆಸರಿಡುತ್ತಿದ್ದರೋ ನಾನು ಕೇಳಲಿಲ್ಲ. ನನಗೆ ಹೆಸರಿಡುವ ವಯಸ್ಸು ದಾಟಿದೆ.

ಅಲ್ಲಿಂದ ನೇರ ಗಂಜ್‌ಗೆ ನಡೆದೆ. ಈಗೆಲ್ಲ ಪ್ಲಾಸ್ಟಿಕ್ ಚೀಲ, ಮುಟ್ಟಿದರೆ ಚರಚರ ಎನ್ನುತ್ತದೆ, ಗೌತಮಿ ಕಿವಿ ಮುಚ್ಚುತ್ತಾಳೆ. ಸಾಲೆಗೆಂದು ತಂದ ರೇನ್‌ಕೋಟನ್ನೂ ಅವಳು ಅದಕ್ಕೇ ಹರಿದು ಹಾಕಿದ್ದಳು. ಹುಡುಕಿ ಹುಡುಕಿ ಹಳೆಯ ಸೆಣಬಿನ ಚೀಲವೊಂದನ್ನು ಹಿಡಿದೆ, ಜೋಳದ ವಾಸನೆಯದು. ಅಂಗಡಿಯವ ಒಂದೇ ಚೀಲ ಏನು ಮಾಡುತ್ತಿ ಎಂದು ಕೇಳಿದ. ಮೊಮ್ಮಗಳಿಗೆ ರೇನ್‌ಕೋಟು ಎಂದೆ. ಸುಜಾತ ಮುಖ ಆ ಕಡೆ ತಿರುಗಿಸಿದಳು.

ಊರಿಗೆ ಬಂದು ಕೆಲಸ ಹಿಡಿದೆ. ಬಿಸಿಲು ಇನ್ನೂ ನೆತ್ತಿ ಸುಡುತ್ತಿರುವಾಗಲೇ ನಮ್ಮ ಮನೆಗೆ ಮಳೆಗಾಲ ಬಂತು. ಮೊದಲು ಗೌತಮಿಯ ಹೊರಸು ಮಳೆಗಾಲದ ಮೂಲೆಗೆ ಹೋಯಿತು. ಅದು ರೂಢಿಯಾಗುವ ತನಕ ಬೇರೇನನ್ನೂ ಮುಟ್ಟಲಿಲ್ಲ. ಆಮೇಲೆ ಸಂಜೆಯ ಹೊತ್ತು ಅವಳ ಕಾಲ ಬಳಿ ಕೌದಿ ಮಡಿಚಿ ಇಟ್ಟೆ, ಹೊದಿಸಲಿಲ್ಲ. ಅಂಬಲಿ ಮಳೆಯಲ್ಲೂ ನಿಲ್ಲುವುದಿಲ್ಲ ಎಂದು ಮನೆಗೆಲ್ಲ ಸಾರಿದೆ. ಒಳಕೋಣೆಯ ಹೊರಗಿನ ಚಿಲಕವನ್ನು ಬಡಿಗನ ಕೈಯಿಂದ ಕೀಳಿಸಿದೆ. ತಗಡಿನ ಶೆಡ್ಡಿನ ಮೇಲೆ ಭತ್ತದ ಹುಲ್ಲು ದಪ್ಪಗೆ ಹಾಸಿ ಹಗ್ಗ ಬಿಗಿಸಿದೆ. ಹುಲ್ಲಿನ ಮೇಲೆ ಸಪ್ಪಳ ಎಷ್ಟು ಬರುತ್ತದೆ ನೋಡಬೇಕಲ್ಲ, ಏಣಿ ಇಟ್ಟು ಹತ್ತಿ ಕೊಡದಿಂದ ನೀರು ಸುರಿದೆ. ಶರಣಮ್ಮ ಅಂಗಡಿ ಬಿಟ್ಟು ಹೊರಗೆ ಬಂದಳು.

"ಯಕ್ಕಾ, ಹುಡುಗಿಗೆ ಹತ್ತಿದ್ದು ಈಗ ನಿನಗ ಹತ್ತ್ಯಾದ ಏನ್?"

"ಹೌದವ್ವ. ನಿನಗೂ ಹತ್ತತದ, ದೂರ ನಿಂದ್ರು," ಎಂದೆ.

ಕೊಪ್ಪೆ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ತಲೆಗೆ ಹಾಕಿದೆ, ಕಿತ್ತೆಸೆದಳು. ಮತ್ತೆ ಹಾಕಿದೆ, ಬಾವಿಕಟ್ಟೆಯ ಆಚೆ ಒಗೆದು ಬಂದಳು. ನಾನು ಬಲವಂತ ಬಿಟ್ಟು ಅದನ್ನು ಅಂಗಳದ ಗೋಡೆಯ ಗೂಟಕ್ಕೆ ತೂಗುಹಾಕಿದೆ. ಒಂದು ಮಧ್ಯಾಹ್ನ ಸುಂಟರಗಾಳಿ ಎದ್ದಿತು. ಧೂಳು, ಕಸ, ಓಣಿಯ ತಗಡಿನ ಪತ್ರಾಸುಗಳೆಲ್ಲ ಬಡಿದಾಡತೊಡಗಿದವು. ನಾನು ಒಣಹಾಕಿದ ಮೆಣಸಿನಕಾಯಿ ಬಳಿದುಕೊಂಡು ಓಡಿ ಬಂದು ನೋಡಿದರೆ ಗೌತಮಿ ಇಲ್ಲ. ಗೂಟದ ಕಡೆ ನೋಡಿದೆ. ತೂಗುಹಾಕಿದ ಗೋಣಿಯ ಕೆಳಗೆ ಎರಡು ಪಾದ ಕಾಣುತ್ತಿದ್ದವು. ಹೊಕ್ಕು ಗೋಡೆಗೆ ಮುಖ ಮಾಡಿ ನಿಂತಿದ್ದಳು, ಅಲುಗಾಟವಿಲ್ಲ. ಗಾಳಿ ನಿಂತ ಮೇಲೂ ನಿಂತೇ ಇದ್ದಳು. ನಾನು ಕರೆಯಲಿಲ್ಲ. ಆ ದಿನದಿಂದ ಕೊಪ್ಪೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ನಾನೂ ಸಹ.

ಗೆದ್ದೆ ಎಂದುಕೊಂಡಿದ್ದೆ. ಮುಗಿಲಿಗೆ ನನ್ನ ಲೆಕ್ಕ ಎಲ್ಲಿ ಗೊತ್ತು. ಮೇ ಮುಗಿಯುವ ಹೊತ್ತಿಗೆ ಮೋಡ ಬಂದು ಕೂತವು, ಹನಿ ಬಿಡಲಿಲ್ಲ. ದಿನಗಟ್ಟಲೆ ಊರಿನ ಮೇಲೆ ಮುಚ್ಚಳ ಹಾಕಿ ಕುದಿಸಿದ ಹಾಗೆ. ಆಡಿನ ಮರಿಗಳೂ ಒದರಲಿಲ್ಲ. ಗೌತಮಿ ಮೊದಲು ನಿದ್ದೆ ಬಿಟ್ಟಳು, ಆಮೇಲೆ ರೊಟ್ಟಿ ಬಿಟ್ಟಳು. ಅಂಬಲಿ ಒಂದೇ ಹೊಟ್ಟೆಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಮೌನೇಶನ ಕೈ ಕೊಸರಿಕೊಂಡು ಹೆದ್ದಾರಿಗೆ ಓಡಿದಳು. ಭತ್ತ ತುಂಬಿದ ಟ್ರ್ಯಾಕ್ಟರು ಅವಳ ಮುಂದೆ ಕಿರ್ರೆಂದು ನಿಂತಿತು. ಡ್ರೈವರ್ ಇಳಿದು ಬಂದು ಬೈದ. ಮೌನೇಶ ಬೈಗುಳ ಕೇಳುತ್ತಾ ಮಗಳನ್ನು ಅಪ್ಪಿಹಿಡಿದು ನಿಂತಿದ್ದನಂತೆ. ಮನೆಗೆ ಬಂದವನು ಚಪ್ಪಲಿ ಬಿಡದೆಯೇ ಹುಬ್ಬಳ್ಳಿಗೆ ಫೋನು ಮಾಡಿ, ಎರಡು ದಿನದಲ್ಲಿ ಬರುತ್ತೇವೆ ಎಂದ.

ಮಿರಗ ನೋಡುವುದು ಎಂದು ಮಾತಾಗಿತ್ತಲ್ಲ ಎಂದೆ.

"ಮಿರಗ ಇನ್ನ ಕೂಡೇ ಇಲ್ಲ ಬೇ. ಈಗ ಹಿಂಗ. ನಾಳಿಗಿ ಬ್ರೇಕ್ ಹತ್ತಲಿಲ್ಲ ಅಂದ್ರ ನಾ ಯಾರಿಗಿ ಕೇಳ್ಲಿ?"

"ಹುಬ್ಬಳ್ಳಿ ಕಡಿ ಮಳಿ ಬರಂಗಿಲ್ಲೇನಲೇ? ಅಲ್ಲಿ ಇನ್ನೂ ಜೋರ್ ಬರ್ತದ. ಅಲ್ಲಿ ಯಾರ ಹುಲ್ಲು ಹಾಸ್ತಾರ?"

ಅವನು ಒಳಗೆ ಹೋಗಿ ಬಟ್ಟೆಯ ಚೀಲ ತಂದಿಟ್ಟ. ಸುಜಾತ ಮಗಳ ಬಟ್ಟೆ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು. ಹೊರಡುವ ದಿನ ಬೆಳಿಗ್ಗೆ ಅವಳಿಗೆ ಪಾಳಿ ಇತ್ತು. ರಜೆ ಕೇಳಲಿಲ್ಲ. ಜೊತೆಗೆ ಬಂದಿದ್ದರೆ ಮಗಳನ್ನು ಬಸ್ಸು ಹತ್ತಿಸಲು ಅವಳಿಂದ ಆಗುತ್ತಿರಲಿಲ್ಲ, ನನಗೆ ಗೊತ್ತು.

ನಮ್ಮ ಓಣಿ ಮುಗಿಯುವಲ್ಲೇ ಹೆದ್ದಾರಿ. ಅಲ್ಲಿ ಚಹಾ ಹೋಟೆಲಿನ ಮುಂದೆ ಕೈ ಮಾಡಿದರೆ ಬಸ್ಸು ನಿಲ್ಲುತ್ತದೆ. ಮೌನೇಶ ಬಟ್ಟೆಯ ಚೀಲ ಹಿಡಿದಿದ್ದ. ಗೌತಮಿ ಕೊಪ್ಪೆಯನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಬಿಟ್ಟು ಬರಲು ಒಪ್ಪಿರಲಿಲ್ಲ. ಮೌನೇಶ ಬೇಡವೆಂದರೂ ನಾನು ಹಿಂದೆ ಹೋದೆ. ಮುಗಿಲು ಕಪ್ಪಗೆ ಹೆಪ್ಪುಗಟ್ಟಿತ್ತು. ಗೌತಮಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜೋಲುತ್ತಿದ್ದಳು, ಕಣ್ಣು ಬಿಗಿ ಮುಚ್ಚಿದ್ದಳು. ಕೈ ಹಲ್ಲಿನ ಹತ್ತಿರ ಹೋಗುತ್ತಿತ್ತು, ಬರುತ್ತಿತ್ತು.

ಗಾಳಿ ತಿರುಗಿತು. ಆ ವಾಸನೆ ಬಂತು, ಬಿಸಿ ಮಣ್ಣಿನದು. ನಾನು ಸೆರಗಿನಿಂದ ಮೂಗು ಮುಚ್ಚಿದೆ, ಅವಳ ಮೈ ಸೆಟೆಯಿತು. ಗುಡುಗು ಒಂದು ನೆತ್ತಿಯ ಮೇಲೆಯೇ ಒಡೆಯಿತು, ಹಿಂದೆಯೇ ಮಳೆ. ನಿಂತಿದ್ದ ಜನವೆಲ್ಲ ಹೋಟೆಲಿನ ತಗಡಿನ ಕೆಳಗೆ ನುಗ್ಗಿದರು. ಮೌನೇಶ ಮಗಳ ರಟ್ಟೆ ಹಿಡಿದು ಅತ್ತ ಎಳೆದ. ತಗಡಿನ ಮೇಲಿನ ಆ ಸಪ್ಪಳ, ಮಾತಾಡಿದರೆ ಪಕ್ಕದವನಿಗೆ ಕೇಳದು. ಅವಳು ಚೀರಿದಳು.

"ಬಿಡಲೇ ಮೌನ್ಯಾ," ಎಂದೆ. "ಆಕಿ ಕೈ ಬಿಡು."

ಬಿಟ್ಟ. ಹೆದ್ದಾರಿಯ ಕಡೆ ಓಡುತ್ತಾಳೆ ಎಂದು ನಾನು ಅಡ್ಡ ನಿಂತೆ. ಅವಳು ಓಡಲಿಲ್ಲ. ತಗಡಿನಿಂದ ಹೊರಗೆ ಬಂದು, ಮಳೆಯಲ್ಲಿ ನಿಂತು, ಕಂಕುಳಿಂದ ಗೋಣಿ ತೆಗೆದಳು. ಕೊಡವಿದಳು. ಮೂಲೆಯನ್ನು ಮೂಲೆಗೆ ತುರುಕಿದಳು. ಮೊದಲ ಸಲ ತಪ್ಪಿತು. ಬಿಚ್ಚಿ ಮತ್ತೆ ತುರುಕಿದಳು. ತಲೆಗೆ ಹಾಕಿಕೊಂಡು ಮುಂದಿನ ಅಂಚನ್ನು ಮೂಗಿನ ತನಕ ಎಳೆದುಕೊಂಡಳು. ಹೋಟೆಲಿನಲ್ಲಿ ಯಾರೋ ನಕ್ಕರು. ಅವಳು ಬಿಗಿದ ಭುಜ ಇಳಿಯುವ ತನಕ ಹಾಗೆಯೇ ನಿಂತಳು. ಆಮೇಲೆ ನಮ್ಮ ಕಡೆ ನೋಡದೆ ತಿರುಗಿ, ಓಣಿಯೊಳಗೆ ನಡೆದಳು. ಓಟವಲ್ಲ, ನಡಿಗೆ. ಕೆಸರಿನಲ್ಲಿ ಕಾಲು ಊರಿ ಊರಿ, ನಾಟಿಯ ಹೆಂಗಸು ಗದ್ದೆಯ ಬದುವಿನಲ್ಲಿ ನಡೆದ ಹಾಗೆ.

ಬಸ್ಸು ಬಂತು. ಕೈ ಮಾಡುವವರಿಲ್ಲದೆ ಹಾರ್ನು ಹೊಡೆದು ಹೋಯಿತು. ಮೌನೇಶ ಚೀಲ ಎದೆಗೆ ಒತ್ತಿಕೊಂಡು ಮಗಳ ಹಿಂದೆ ಹೊರಟ. ನಾನು ಅವನ ಹಿಂದೆ. ತೊಯ್ದು ತೊಪ್ಪೆಯಾಗಿದ್ದೆವು, ಮಾಸ್ತರನೂ ಮಾಸ್ತರನ ತಾಯಿಯೂ. ಮೂಗಿನ ಮೇಲಿನ ಸೆರಗು ತೆಗೆದಿರಲಿಲ್ಲ, ಆದರೂ ಅಷ್ಟು ಎದೆ ಉಬ್ಬಿಸಿ ನಾನು ಯಾವ ಓಣಿಯಲ್ಲೂ ನಡೆದಿಲ್ಲ. ಜನ ಬಾಗಿಲಲ್ಲಿ ನಿಂತು ನೋಡಿದರು. ಶರಣಮ್ಮನೂ ನೋಡಿದಳು. ನೋಡಲಿ ಎಂದು ನಿಧಾನಕ್ಕೆ ನಡೆದೆ.

ಗೌತಮಿ ಒಳಗೆ ಹೋಗಿ ತನ್ನ ಹೊರಸಿನ ಮೇಲೆ ಕೂತಿದ್ದಳು. ಕೊಪ್ಪೆ ತೆಗೆದಿರಲಿಲ್ಲ. ನೀರು ಬಂಡೆಯ ಮೇಲೆ ಹರಿಯುತ್ತಿತ್ತು. ಹೊರಗೆ ಹುಲ್ಲಿನ ಮೇಲೆ ಮಳೆ ಮೆಲ್ಲಗೆ ಬೀಳುತ್ತಿತ್ತು. ಅವಳು ಗೋಣಿಯೊಳಗಿನಿಂದ ಕೈ ಮಾತ್ರ ಹೊರಗೆ ಚಾಚಿ, "ಅಂಬಲಿ" ಎಂದಳು.

ಕೊಟ್ಟೆ. ಕುಡಿದಳು. ಮತ್ತೆ ಕೈ ಚಾಚಿದಳು. ಮೌನೇಶ ಹೊಸ್ತಿಲ ಮೇಲೆ ಕೂತು ಒದ್ದೆ ಅಂಗಿಯಲ್ಲೇ ಹುಬ್ಬಳ್ಳಿಗೆ ಫೋನು ಹಚ್ಚಿದ. ನಾಳೆ ಬರುತ್ತೇವೆ ಎನ್ನುತ್ತಾನೋ ಏನೋ ಎಂದು ನಾನು ಕಿವಿ ಕೊಟ್ಟು ನಿಂತೆ.

"ನಮ್ಮ ಹುಡುಗಿ ಬರಂಗಿಲ್ಲ ರೀ," ಎಂದ. "ಬಾಳ ಜನ ಕಾಯಾಕತ್ತಿರಬೇಕಲ್ರಿ, ಅವರಿಗಿ ಕೊಡ್ರಿ." ಆ ಕಡೆಯವರು ಏನೋ ಕೇಳಿದರು. "ಆರಾಮ ಅದಾಳ್ರಿ. ನಡಕೊಂತ ಮನಿಗಿ ಬಂದಾಳ."

ಸಂಜೆ ಸುಜಾತ ಪಾಳಿ ಮುಗಿಸಿ ಬಂದು, ಬಾಗಿಲಲ್ಲಿ ಮಗಳ ಚಪ್ಪಲಿ ನೋಡಿ, ಒಳಗೆ ಬರದೆ ಅಲ್ಲೇ ಗೋಡೆ ಹಿಡಿದು ನಿಂತಳು. ನಾನು ಒಳಗೆ ಬಾ, ರೊಟ್ಟಿ ಬಡಿ, ಎಲ್ಲರಿಗೂ ಹಸಿವಾಗಿದೆ ಎಂದೆ.

ಮಿರಗ ಕೂಡಿದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳು. ಕಾರಹುಣ್ಣಿಮೆಯ ತನಕ ಅವಳ ಮೈಯಲ್ಲಿ ಕಸುವೇ ಇರಲಿಲ್ಲ. ಕೈ ಒಂದೆರಡು ಸಲ ಕಚ್ಚಿಕೊಂಡಳು, ಹಿಂದಿನಷ್ಟು ಅಲ್ಲ. ಸಾಲೆಗೆ ಒಂದು ದಿನ ಹೋದರೆ ಎರಡು ದಿನ ಇಲ್ಲ. ಮಾತು ಪೂರ್ತಿ ನಿಂತಿತ್ತು. ಬೆಳಕು ಹರಿದು ಹಾಲಿನವನು ಬಂದು ಹೋದರೂ ಏಳುತ್ತಿರಲಿಲ್ಲ. ಮೌನೇಶ ಅವಳ ಹೊರಸನ್ನು ಬಳಸಿಕೊಂಡು ಹೋಗಿ ತಾನೇ ಕಸ ಗುಡಿಸುತ್ತಿದ್ದ. ಓಣಿಯವರು ಯಾರಾದರೂ ಇಣುಕಿ, ಹುಡುಗಿ ಇನ್ನೂ ಮಲಗಿದ್ದಾಳಲ್ಲ ಎನ್ನುತ್ತಿದ್ದರು.

ಮಲಗಿದ್ದಾಳೆ, ತನ್ನ ಮನೆಯಲ್ಲಿ, ತನ್ನ ಕೌದಿಯಲ್ಲಿ, ಮಳೆಗಾಲ ಮುಗಿಯುವ ತನಕ ಮಲಗುತ್ತಾಳೆ, ನಿಮಗೇನು ಎಂದು ನಾನು ಕೇಳುತ್ತಿದ್ದೆ.